ಮಾರಿಕಣಿವೆಯ ಇನ್ನೊಂದು ದಡ

ಚಳಿಗಾಲ ಬಂತೆಂದರೆ ನಾಡಿನ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಚಿತ್ರದುರ್ಗದ ದಾರಿ ಹಿಡಿಯುತ್ತವೆ. ಬೆಳಗ್ಗೆ ಏಳುಸುತ್ತಿನ ಕೋಟೆ, ಮಧ್ಯಾಹ್ನ ಚಂದ್ರವಳ್ಳಿ, ಇಳಿಹೊತ್ತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ; ಇದು ಬಹುಮಟ್ಟಿಗೆ ಗೊತ್ತಾದ ಕ್ರಮ. ಕಣಿವೆಯನ್ನು ತಲುಪುವ ವೇಳೆಗೆ ಮಕ್ಕಳು ದಣಿದಿರುತ್ತಾರೆ. ಕಟ್ಟೆಯ ಬಳಿ ಬುತ್ತಿಯ ಚಿತ್ರಾನ್ನ ಮುಗಿಯುತ್ತದೆ. ಗುಡ್ಡದ ಮೇಲೆ ನಿಂತು ನೋಡಿದರೆ ಜಲಾಶಯವು ಭಾರತದ ಭೂಪಟದಂತೆ ಕಾಣುತ್ತದೆ ಎಂದು ಯಾರೋ ಹೇಳುತ್ತಾರೆ. ಎಲ್ಲರೂ ಆ ಆಕಾರವನ್ನು ಹುಡುಕುತ್ತಾರೆ. ಕನ್ಯಾಕುಮಾರಿ ಸಿಕ್ಕಿತೆಂದು ಒಬ್ಬಿಬ್ಬರು ಕೂಗುತ್ತಾರೆ. ಒಂದು ಗಂಟೆಯೊಳಗೆ ಬಸ್ಸು ಹೊರಟುಬಿಡುತ್ತದೆ. ಊರಿಗೆ ಮರಳಿದ ಮೇಲೆ ಏನನ್ನು ನೋಡಿದಿರೆಂದು ಕೇಳಿದರೆ ‘ಬ್ರಿಟಿಷರು ಕಟ್ಟಿದ ಅಣೆಕಟ್ಟು’ ಎಂದು ಕೆಲವರೂ, ‘ವಿಶ್ವೇಶ್ವರಯ್ಯನವರು ಕಟ್ಟಿಸಿದ ಅಣೆಕಟ್ಟು’ ಎಂದು ಕೆಲವರೂ ಉತ್ತರಿಸುತ್ತಾರೆ.

ಎರಡು ಉತ್ತರಗಳೂ ಸರಿಯಲ್ಲ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರಲ್ಲಿ. ಅಷ್ಟರಲ್ಲಿ ಮಾರಿಕಣಿವೆಯ ಕಟ್ಟೆ ಮುಗಿದು ಎರಡು ವರ್ಷಗಳಾಗಿದ್ದವು. ಮಹಾಪುರುಷರ ಹೆಸರಿಗೆ ಒಂದು ಆಕರ್ಷಣಶಕ್ತಿಯಿದೆ. ಆಸುಪಾಸಿನ ಒಳ್ಳೆಯ ಕೆಲಸಗಳೆಲ್ಲ ತಾವಾಗಿಯೇ ಹೋಗಿ ಆ ಹೆಸರಿಗೆ ಅಂಟಿಕೊಳ್ಳುತ್ತವೆ. ಇನ್ನು ಬ್ರಿಟಿಷರ ಮಾತು. ಕಟ್ಟೆಯ ಕೆಲಸವು 1898ರಲ್ಲಿ ಪ್ರಾರಂಭವಾದಾಗ ಮೈಸೂರಿನಲ್ಲಿ ನಡೆಯುತ್ತಿದ್ದುದು ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಪ್ರತಿನಿಧಿ ಆಡಳಿತ. ಪತಿ ಹತ್ತನೆಯ ಚಾಮರಾಜ ಒಡೆಯರು 1894ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಇನ್ನೂ ಬಾಲಕ. ಆ ಮಗ ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಅಧಿಕಾರ ವಹಿಸಿಕೊಳ್ಳುವವರೆಗೆ ರಾಜ್ಯಭಾರವು ತಾಯಿಯ ಹೆಸರಿನಲ್ಲಿ ನಡೆಯಿತು. ಅವರ ಬಿರುದಿನಿಂದಲೇ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂದಿತು. ಕೆಲಸವನ್ನು ಕೈಗೆತ್ತಿಕೊಂಡಾಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಖರ್ಚಾದುದು ಸಂಸ್ಥಾನದ ಬೊಕ್ಕಸದ ಹಣ, ಎಂದರೆ ಅಲ್ಲಿಯ ರೈತನು ಕೊಟ್ಟ ಕಂದಾಯ.

ಹಾಗೆಂದು ಬ್ರಿಟಿಷರ ನೆರಳು ಇಲ್ಲಿ ಬೀಳಲಿಲ್ಲವೆಂದೂ ಹೇಳುವಂತಿಲ್ಲ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸುವಾಗ ಆ ಮೊತ್ತವನ್ನು ಮೂವತ್ತೈದು ಲಕ್ಷಕ್ಕೆ ಏರಿಸಲಾಯಿತು. ಏರಿಕೆಯ ವಸೂಲಿಯನ್ನು ಮಾತ್ರ 1896ರವರೆಗೆ ಮುಂದಕ್ಕೆ ಹಾಕಲಾಯಿತು. ಹೆಚ್ಚಿನ ಹೊರೆ ಹೆಗಲಿಗೇರಿದ ಎರಡೇ ವರ್ಷಗಳಲ್ಲಿ ಸಂಸ್ಥಾನವು ವೇದಾವತಿಗೆ ಅಡ್ಡಲಾಗಿ ಕಲ್ಲುಕಟ್ಟಡವನ್ನು ಎಬ್ಬಿಸಲು ಹೊರಟಿತೆಂಬುದನ್ನು ನೆನೆದರೆ ಆ ಸಾಹಸದ ತೂಕ ತಿಳಿಯುತ್ತದೆ.

ಆ ತೂಕಕ್ಕೆ ಕಾರಣವಾದ ಇನ್ನೊಂದು ನೆನಪೂ ಇತ್ತು. 1876ರಿಂದ 1878ರವರೆಗೆ ಈ ನಾಡನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರಗಾಲ ಅದು. ಆಗ ಮೈಸೂರನ್ನು ಆಳುತ್ತಿದ್ದವರು ಇಂಗ್ಲಿಷ್ ಕಮಿಷನರುಗಳು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಮಳೆಯ ನೆರಳಿನಲ್ಲಿರುವ ಚಿತ್ರದುರ್ಗದ ಸೀಮೆಯಲ್ಲಿ ಆ ಬರದ ಪೆಟ್ಟು ಎಷ್ಟು ಆಳವಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಇಳಿದು ಬರುವ ನೀರು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಸಂದಿನಲ್ಲಿ ನುಗ್ಗಿ ಹೋಗುತ್ತಿದ್ದ ಜಾಗದಲ್ಲಿ ಅದನ್ನು ತಡೆದು ನಿಲ್ಲಿಸಬೇಕೆಂಬ ಆಲೋಚನೆಯು ಹಸಿದ ಹೊಟ್ಟೆಯ ನೆನಪಿಗೆ ದೂರವಾದುದಲ್ಲ.

ಕಟ್ಟೆಯ ಉದ್ದ 1330 ಅಡಿ, ಎತ್ತರ 162 ಅಡಿ. ಸಿಮೆಂಟಿನ ಕಾಲ ಇನ್ನೂ ಬಂದಿರಲಿಲ್ಲ. ಕಲ್ಲು, ಸುಣ್ಣ, ಸುರ್ಕಿ ಇವುಗಳಿಂದಲೇ ಎಲ್ಲವೂ ಆಗಬೇಕಾಗಿತ್ತು. ಸುಮಾರು ಅದೇ ವರ್ಷಗಳಲ್ಲಿ ಈಜಿಪ್ಟಿನಲ್ಲಿ ನೈಲ್ ನದಿಗೆ ಆಸ್ವಾನಿನ ಮೊದಲನೆಯ ಅಣೆಕಟ್ಟನ್ನು ಕಟ್ಟಲಾಗುತ್ತಿತ್ತು; ಅದು 1902ರಲ್ಲಿ ಮುಗಿಯಿತು, ಮಾರಿಕಣಿವೆ 1907ರಲ್ಲಿ. ಇಲ್ಲಿ ಒಂದೊಂದು ಕಲ್ಲನ್ನೂ ಬಂಡೆಯಿಂದ ಬಿಡಿಸಬೇಕು, ಹದಗೊಳಿಸಬೇಕು, ಸಾಗಿಸಬೇಕು, ಇಟ್ಟ ಮೇಲೆ ಸಂದಿಗೆ ಗಾರೆ ತುಂಬಬೇಕು. ಸುಣ್ಣವನ್ನು ಸುಡುವುದು, ಇಟ್ಟಿಗೆಯನ್ನು ಪುಡಿಮಾಡುವುದು, ಗಾರೆಯನ್ನು ಅರೆಯುವುದು ಬೇರೆ ಬೇರೆಯ ದುಡಿಮೆಗಳು. ಸುಮಾರು ಒಂಬತ್ತು ವರ್ಷ ಇದು ನಡೆಯಿತು. ಕಲ್ಲು ಒಡೆಯುವುದನ್ನೂ ಮಣ್ಣು ಅಗೆಯುವುದನ್ನೂ ಕುಲಕಸುಬಾಗಿ ಉಳಿಸಿಕೊಂಡು ಬಂದ ಭೋವಿ ಜನರು ಈ ಸೀಮೆಯಲ್ಲಿ ಬಹಳ ಮಂದಿ. ಕನ್ನಡನಾಡಿನ ಕೆರೆಕಟ್ಟೆಗಳಲ್ಲಿ ಎಷ್ಟೋ ಅವರ ಕೈಯವು. ಮಾರಿಕಣಿವೆಯನ್ನು ನೋಡಲು ಬಂದವರಲ್ಲಿ ರಾಣಿಯ ಹೆಸರನ್ನು ಹೇಳುವವರು ಸಿಕ್ಕಾರು, ದಿವಾನರ ಹೆಸರನ್ನು ಹೇಳುವವರೂ ಸಿಕ್ಕಾರು. ಗಾರೆ ಅರೆದವರ ಒಂದು ಹೆಸರನ್ನಾದರೂ ಹೇಳುವವರು ಸಿಕ್ಕುವುದಿಲ್ಲ.

ಇದು ವಿಚಿತ್ರವಾಗಿ ತೋರಬೇಕಾದ ಸಂಗತಿ. ಏಕೆಂದರೆ ಅದೇ ದಿನದ ಬೆಳಗ್ಗೆ ಅದೇ ಮಕ್ಕಳು ಚಿತ್ರದುರ್ಗದ ಕೋಟೆಯಲ್ಲಿ ಬೇರೆಯೇ ಆದ ಒಂದು ನೆನಪಿನ ಮುಂದೆ ನಿಂತಿರುತ್ತಾರೆ. ಕೋಟೆಯಲ್ಲಿ ಪಾಳೆಯಗಾರರ ಅರಮನೆಯ ನೆಲಗಟ್ಟಿದೆ, ದೇವಾಲಯಗಳಿವೆ, ಕಣಜಗಳಿವೆ, ಹೊಂಡಗಳಿವೆ. ಆದರೂ ಬಂದವರೆಲ್ಲರೂ ಮೊದಲು ಕೇಳುವುದು ಒಂದು ಕಿಂಡಿಯನ್ನು. ಹೈದರಾಲಿಯ ಸೈನಿಕರು ಆ ಕಿಂಡಿಯಿಂದ ನುಸುಳುತ್ತಿದ್ದಾಗ ಒನಕೆಯನ್ನು ಹಿಡಿದು ನಿಂತವಳೆಂದು ಜನರು ಹೇಳುತ್ತ ಬಂದ ಓಬವ್ವ ರಾಣಿಯಲ್ಲ, ಕಾವಲುಗಾರನ ಹೆಂಡತಿ. ಅವಳ ಹೆಸರನ್ನು ಯಾವ ಸರಕಾರವೂ ಆಜ್ಞೆ ಹೊರಡಿಸಿ ಉಳಿಸಲಿಲ್ಲ. ಜನರ ನಾಲಗೆ ಉಳಿಸಿತು. ಕೋಟೆಯು 1779ರಲ್ಲಿ ಬಿದ್ದಿತು, ಮದಕರಿ ನಾಯಕನು ಸೆರೆಯಾದನು, ಒನಕೆ ಹಿಡಿದವಳ ಹೆಸರು ಮಾತ್ರ ಬೀಳಲಿಲ್ಲ. ಕಿಂಡಿಯ ಮುಂದೆ ನಿಂತು ಕಾವಲುಗಾರನ ಹೆಂಡತಿಯನ್ನು ನೆನೆಯಬಲ್ಲ ಕಣ್ಣು, ಸಂಜೆ ಕಟ್ಟೆಯ ಮೇಲೆ ನಿಂತಾಗ ಮಂಟಪಗಳ ಅಂದವನ್ನು ಮಾತ್ರ ನೋಡಿ ತೃಪ್ತವಾಗುವುದೇಕೆ?

ಉತ್ತರದ ಒಂದು ಭಾಗವು ಜಲಾಶಯದ ಆ ದಡದಲ್ಲಿದೆ. ಪ್ರವಾಸಿಯು ಬರುವುದು ಹಿರಿಯೂರಿನ ಕಡೆಯಿಂದ. ಅದು ನೀರು ಹರಿದುಹೋಗುವ ಕಡೆ. ನಾಲೆ, ತೆಂಗು, ಅಡಕೆ, ಹಸಿರು ಎಲ್ಲವೂ ಅಲ್ಲಿವೆ. ಹಿನ್ನೀರು ಚಾಚಿರುವುದು ಹೊಸದುರ್ಗ ತಾಲ್ಲೂಕಿನ ಕಡೆಗೆ. ಅಲ್ಲಿ ನೀರಿನಡಿಗೆ ಸೇರಿದುದು ಜನರ ಹೊಲ, ಮನೆ, ಗುಡಿ, ಹಿರಿಯರನ್ನು ಮಣ್ಣುಮಾಡಿದ ಜಾಗ. ಭೂಪಟದ ಆಕಾರವನ್ನು ಹುಡುಕುವ ಮಕ್ಕಳ ದೃಷ್ಟಿ ಹಾಯುವುದು ಆ ಊರುಗಳ ಮೇಲೆಯೇ. ಅವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಇದು ಎಂದೋ ಮುಗಿದುಹೋದ ಕತೆಯೂ ಅಲ್ಲ. ಜಲಾಶಯದ ಪೂರ್ಣಮಟ್ಟ 130 ಅಡಿ. ಅದು ಹಿಡಿಯುವ ನೀರು ಮೂವತ್ತು ಟಿ.ಎಂ.ಸಿ.ಯಷ್ಟು. ವೇದಾವತಿಯು ಅಷ್ಟು ನೀರನ್ನು ತರುವುದು ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಇನ್ನೊಮ್ಮೆ ಬೀಳಲು 2022ರ ಸೆಪ್ಟೆಂಬರಿನವರೆಗೆ, ಎಂದರೆ ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. ಅಜ್ಜ ಕಂಡುದನ್ನು ಮೊಮ್ಮಗ ಕಾಣಲು ಹಿರಿಯೂರಿಗೆ ಜನಸಾಗರವೇ ಹರಿಯಿತು. ಆ ದಿನಗಳಲ್ಲಿಯೇ ಹೊಸದುರ್ಗದ ಹಿನ್ನೀರಿನ ಊರುಗಳಲ್ಲಿ ತೋಟಗಳಿಗೂ ದಾರಿಗಳಿಗೂ ನೀರು ನುಗ್ಗಿತು. ಮಟ್ಟವನ್ನು ಇಳಿಸಬೇಕೆಂದು ಅಲ್ಲಿಯವರು ಕೇಳಿದರು, ಇಳಿಸಕೂಡದೆಂದು ಇಲ್ಲಿಯವರು ಹೇಳಿದರು. 2025ರ ಜನವರಿಯಲ್ಲಿ ಕೋಡಿ ಮತ್ತೊಮ್ಮೆ ಬಿದ್ದಿತು. ಒಂದೇ ನೀರು ಒಂದು ದಡಕ್ಕೆ ಹಬ್ಬ, ಇನ್ನೊಂದು ದಡಕ್ಕೆ ಆತಂಕ. ಕಟ್ಟೆಯ ಚರಿತ್ರೆಯಲ್ಲಿ ಈ ಎರಡನೆಯ ದಡಕ್ಕೂ ಒಂದು ಪುಟ ಸಲ್ಲಬೇಡವೇ?

ಹಸಿರಿನ ಕಡೆಯವರಿಗೂ ಎಲ್ಲವೂ ಸುಲಭವಾಗಿ ಸಿಕ್ಕಿತೆಂದಲ್ಲ. ನಾಲೆಯ ಜೊತೆಗೆ ಸೊಳ್ಳೆಯೂ ಬಂದಿತು, ಚಳಿಜ್ವರವೂ ಬಂದಿತು. ಮುಂದೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನವು ಮಲೇರಿಯಾದ ಅಧ್ಯಯನವನ್ನು ಕೈಗೊಂಡಾಗ ಅದಕ್ಕೆ ಆರಿಸಿದ ಕೆಲವೇ ಸ್ಥಳಗಳಲ್ಲಿ ಹಿರಿಯೂರೂ ಒಂದಾಗಿತ್ತು.

ಹಳೆಯ ಕಟ್ಟಡಗಳನ್ನು ನೋಡಿಸುವ ಕ್ರಮದಲ್ಲಿ ಈ ದೋಷವು ಮಾರಿಕಣಿವೆಗೆ ಮಾತ್ರ ಸೇರಿದುದಲ್ಲ. ಕೊಡಗು, ಚಿಕ್ಕಮಗಳೂರುಗಳಲ್ಲಿ ಬಿಳಿಯ ದೊರೆಗಳು ಕಾಫಿ ತೋಟಗಳ ನಡುವೆ ಕಟ್ಟಿಸಿಕೊಂಡ ಬಂಗಲೆಗಳಲ್ಲಿ ಕೆಲವು ಇಂದು ಪ್ರವಾಸಿಗರ ತಂಗುದಾಣಗಳಾಗಿವೆ. ಕೆಂಪು ಹೆಂಚು, ಅಗಲವಾದ ಜಗಲಿ, ಬೆಂಕಿಗೂಡು, ಗೋಡೆಯ ಮೇಲೆ ಜಿಂಕೆಯ ಕೊಂಬು. ಎಲ್ಲವನ್ನೂ ಅಕ್ಕರೆಯಿಂದ ತೋರಿಸುತ್ತಾರೆ. ಕೂಲಿಯಾಳುಗಳು ಮಲಗುತ್ತಿದ್ದ ‘ಲೈನು’ಗಳನ್ನು ಯಾರೂ ತೋರಿಸುವುದಿಲ್ಲ. ಮೇಸ್ತ್ರಿಯಿಂದ ಮುಂಗಡ ಹಣ ಪಡೆದು ಬಂದ ಆಳು ಕೆಲಸ ಬಿಟ್ಟುಹೋದರೆ ಅವನನ್ನು ಸೆರೆಮನೆಗೆ ಕಳುಹಿಸಲು 1859ರ ಒಂದು ಕಾಯಿದೆ ಅವಕಾಶ ಕೊಟ್ಟಿತ್ತು. 1925ರಲ್ಲಿ ಅದು ರದ್ದಾಗುವವರೆಗೂ ತೋಟದ ದೊರೆಗಳು ಅದನ್ನು ನೆಚ್ಚಿಕೊಂಡಿದ್ದರು. ಆ ಕಾಯಿದೆಯ ಮಾತು ಬಂಗಲೆಯ ಜಗಲಿಯಲ್ಲಿ ಕಾಫಿ ಹೀರುವವರ ಕಿವಿಗೆ ಬೀಳುವುದಿಲ್ಲ. ಅಮೆರಿಕದ ಲೂಸಿಯಾನದಲ್ಲಿ ಗುಲಾಮರ ದುಡಿಮೆಯಿಂದ ಬೆಳೆದ ತೋಟದ ಮನೆಗಳನ್ನೂ ಬಹುಕಾಲ ಹೀಗೆಯೇ, ಒಡೆಯನ ಊಟದ ಮೇಜು, ಒಡತಿಯ ಉಡುಪು ಎಂದು ತೋರಿಸಲಾಗುತ್ತಿತ್ತು. ಅಲ್ಲಿಯ ವಿಟ್ನಿ ತೋಟವನ್ನು 2014ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಕ್ರಮ ಬದಲಾಯಿತು. ಗುಲಾಮರ ಬದುಕೇ ಅಲ್ಲಿ ಮುಖ್ಯ. ಅವರ ಹೆಸರುಗಳನ್ನು ಕಲ್ಲಿನ ಗೋಡೆಗಳಲ್ಲಿ ಕೊರೆಯಲಾಗಿದೆ.

ಮಾರಿಕಣಿವೆಯನ್ನು ಗುಲಾಮರ ತೋಟದ ಸಾಲಿಗೆ ಸೇರಿಸುವುದು ಅನ್ಯಾಯವಾದೀತು. ತೋಟದ ಬಂಗಲೆ ಒಬ್ಬನ ಸುಖಕ್ಕಾಗಿ ಎದ್ದದ್ದು. ಈ ಕಟ್ಟೆ ಬರದ ಸೀಮೆಯ ಸಾವಿರಾರು ಒಕ್ಕಲುಗಳಿಗಾಗಿ ಎದ್ದದ್ದು. ವ್ಯತ್ಯಾಸ ಸಣ್ಣದಲ್ಲ. ಆದರೆ ಉದ್ದೇಶವು ಒಳ್ಳೆಯದಾಗಿದ್ದ ಮಾತ್ರಕ್ಕೆ ಋಣದ ಲೆಕ್ಕವನ್ನು ಬರೆಯಬೇಕಾಗಿಲ್ಲವೆಂದು ಆಗುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹೊಲ ಬಿಟ್ಟುಕೊಟ್ಟವನ ಹೆಸರನ್ನು ನೆನೆಯುವುದು ಕೆಟ್ಟ ಕೆಲಸಕ್ಕೆ ದುಡಿದವನ ಹೆಸರನ್ನು ನೆನೆಯುವುದಕ್ಕಿಂತ ಸುಲಭವಾಗಬೇಕು, ಕಷ್ಟವಾಗಬಾರದು.

ಮಕ್ಕಳು ಪ್ರವಾಸಕ್ಕೆ ಬರುವುದು ಸಂತೋಷಕ್ಕಾಗಿ, ಅವರ ತಲೆಗೆ ಇಷ್ಟೆಲ್ಲ ಹೇರಬೇಕೇ ಎಂದು ಕೇಳುವವರಿದ್ದಾರೆ. ಓಬವ್ವನ ಕಿಂಡಿಯ ಮುಂದೆ ಯಾವ ಮಗುವಿನ ಸಂತೋಷವೂ ಕಡಿಮೆಯಾದುದನ್ನು ಯಾರೂ ಕಂಡಿಲ್ಲ. ಕತೆ ಹೇಳುವವರು ಇದ್ದರೆ ಮಕ್ಕಳು ಕೇಳುತ್ತಾರೆ; ಹೇಳುವವರಿಲ್ಲದಾಗ ಭೂಪಟವನ್ನು ಹುಡುಕುತ್ತಾರೆ. ಕೇಳಬೇಕಾದ ಕತೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. 1889ರಲ್ಲಿ ಹರಿಹರದವರೆಗೆ ಮುಟ್ಟಿದ ರೈಲುದಾರಿಯು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರನ್ನು ಹಾದುಹೋಗುತ್ತದೆ. ಅಲ್ಲಿಯ ಹಳಿಯ ಕೆಳಗಿನ ಮಣ್ಣನ್ನೂ ಯಾರೋ ಬುಟ್ಟಿಯಲ್ಲಿ ಹೊತ್ತು ಸುರಿದವರೇ.

ಸರ್ಕಾರದ ದಾಖಲೆಗಳಲ್ಲಿ ವಾಣಿವಿಲಾಸ ಸಾಗರವೆಂಬ ಹೆಸರು ನೂರು ವರ್ಷಗಳಿಂದ ಇದ್ದರೂ ಸುತ್ತಲಿನ ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. ಕಣಿವೆಯನ್ನು ಕಾಯುವ ಮಾರಮ್ಮನ ಗುಡಿ ಕಟ್ಟೆಯ ಬಳಿಯಲ್ಲಿದೆ. ಕಟ್ಟೆಗಿಂತ ಹಿಂದಿನ ನೆನಪು ಅದು. ಗುಡಿಯ ಮುಂದೆ ಬಸ್ಸಿನಿಂದ ಇಳಿದ ಮಕ್ಕಳು ನೇರವಾಗಿ ಮೆಟ್ಟಿಲುಗಳ ಕಡೆಗೆ ಓಡುವುದರ ಬದಲು, ಒಂದು ವರ್ಷವಾದರೂ ಬಸ್ಸು ಸುತ್ತಿ ಬಳಸಿ ಹೊಸದುರ್ಗದ ಕಡೆಯ ಹಿನ್ನೀರಿನ ಊರೊಂದರ ಕಟ್ಟೆಯ ಬಳಿ ನಿಲ್ಲಲಿ. ಅಲ್ಲಿಯ ಅಜ್ಜಂದಿರಿಗೆ ತಮ್ಮ ಹಿರಿಯರು ಹೇಳಿದ ಹಳೆಯ ಊರಿನ ಗುರುತುಗಳು ಇನ್ನೂ ನೆನಪಿದ್ದರೆ, ನೀರಿನತ್ತ ಕೈ ತೋರಿಸಿ ಅವರೇ ಹೇಳಿಯಾರು.