ಹುಂಡುಕೋಳಿಯ ಜಡ್ಡಿಗೆ ಜೇಸಿಬಿ

ಈ ಸಲ ಮಳೆ ಹಿಡಿದು ಹದಿನೈದು ದಿನವಾದರೂ ಜಡ್ಡಿಯ, ಅಂದರೆ ಜೌಗುನೆಲದ, ಕಡೆಯಿಂದ ಹುಂಡುಕೋಳಿ ಕೂಗಲಿಲ್ಲ. ಕೂಗುವುದಾದರೂ ಎಲ್ಲಿಂದ? ಶಿವರಾತ್ರಿ ಕಳೆದ ವಾರ ಜೇಸಿಬಿ ಬಂತು. ಆಳೆತ್ತರದ ಮುಂಡಿಗೆ ಮಟ್ಟಿಯನ್ನು ಬುಡಸಮೇತ ಕಿತ್ತು, ರಾಶಿ ಹಾಕಿ, ಬೆಂಕಿ ಕೊಟ್ಟರು. ನಡುವೆ ಬಸಿಗಾಲುವೆ ತೋಡಿ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರು. ಗುಡ್ಡ ಕೆರೆದು ತಂದ ಕೆಂಪು ಮಣ್ಣು ಹರವಿದರು. ಈಗ ಅಲ್ಲಿ ಅಡಿಕೆ ಸಸಿ ಸಾಲಾಗಿ ನಿಂತಿವೆ. ನಮ್ಮ ಮಲೆನಾಡಿನ ಚಂದಗುಳಿಯ ಆಸುಪಾಸಿನ ಒಂದು ಜಡ್ಡಿ ಎರಡೇ ದಿನದಲ್ಲಿ ಮುಗಿದುಹೋಯಿತು.

“ಬರೀ ಕೊಚ್ಚೆ ಬಿದ್ದಿತ್ತು, ಈಗ ಒಂದು ಜಾಗ ಆತು ನೋಡಿ” ಎಂದರು ನಿಂತು ನೋಡುತ್ತಿದ್ದವರೊಬ್ಬರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ಮಾತಿಗೆ. ಹಾಗಾದರೆ ಇಷ್ಟು ಕಾಲ ಅದು ಏನಾಗಿತ್ತು?

ನಾನು ಹುಡುಗನಾಗಿದ್ದಾಗ ಅಜ್ಜ ರಾತ್ರಿ ಜಗುಲಿಯಲ್ಲಿ ಕಿವಿಗೊಟ್ಟು ಹೇಳುತ್ತಿದ್ದರು: “ತಮಾ, ಹುಂಡುಕೋಳಿ ಕೂಗ್ತಾ ಇದ್ದು. ಜಡ್ಡಿಲಿ ನೀರು ಬಂತು ಕಾಣ್ತು.” ಹಗಲು ಕಣ್ಣಿಗೆ ಬೀಳಲು ಹಿಂಜರಿಯುವ ಹಕ್ಕಿ, ಮಳೆಗಾಲದ ರಾತ್ರಿಯಲ್ಲಿ ಕ್ವಾಕ್ ಕ್ವಾಕ್ ಎಂದು ಬಿಡದೆ ಕೂಗುತ್ತದೆ. ಅದನ್ನು ನೋಡಬೇಕೆಂದರೆ ಗದ್ದೆಯಂಚಿನಲ್ಲಿ ಕಂಬಳಿಕೊಪ್ಪೆ ಹೊದ್ದು ಅಲ್ಲಾಡದೆ ಕೂರಬೇಕು. ಮೊದಲು ಮುಂಡಿಗೆಯ ಬುಡದಲ್ಲಿ ಬಿಳಿ ಮುಖ ಇಣುಕುತ್ತದೆ. ಆಮೇಲೆ ಬಿಳಿ ಎದೆ, ಬೂದುಗಪ್ಪು ಬೆನ್ನು. ಹೆಜ್ಜೆಗೊಮ್ಮೆ ಮೋಟು ಬಾಲ ಕುಣಿಸಿದಾಗ ಅಡಿಯ ಇಟ್ಟಿಗೆ ಬಣ್ಣ ಮಿಂಚುತ್ತದೆ. ಉದ್ದನೆಯ ಬೆರಳುಗಳನ್ನು ಅಗಲಿಸಿ, ಕೆಸರಿನಲ್ಲಿ ಹೂತುಹೋಗದಂತೆ ನಡೆಯುತ್ತದೆ. ಹುಳು, ಬಸವನಹುಳ, ಹುಲ್ಲಿನ ಬೀಜ ಅದರ ಊಟ. ಆರೇಳು ಮೊಟ್ಟೆಯೊಡೆದು ಬಂದ ಕಾಡಿಗೆಗಪ್ಪು ಮರಿಗಳು ಕೆಲವೇ ಹೊತ್ತಿನಲ್ಲಿ ತಾಯಿಯ ಹಿಂದೆ ಓಡಾಡುತ್ತವೆ. ಒಣ ಎಲೆ ಸದ್ದಾದರೆ ಸಾಕು, ಇಡೀ ಸಂಸಾರ ಮಾಯ. ಅಡಗಲು ಮುಂಡಿಗೆಯೇ ಇಲ್ಲದ ಮೇಲೆ ಅದು ಎಲ್ಲಿಗೆ ಮಾಯವಾಗಬೇಕು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಂಡುಕೋಳಿಗೆ ಉರುಳು ಒಡ್ಡಿದವನು ಅಪರಾಧಿ. ಆದರೆ ಅದರ ಮನೆಯನ್ನೇ ಬಗೆದು ಸುಟ್ಟವನನ್ನು ಕೇಳುವವರಿಲ್ಲ! 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ಜೌಗಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಉಪಗ್ರಹ ಚಿತ್ರ ನೋಡಿ ದೇಶದ ಜೌಗುಗಳನ್ನು ಲೆಕ್ಕ ಹಾಕಿದವರು 2.25 ಹೆಕ್ಟೇರಿಗಿಂತ, ಅಂದರೆ ಸುಮಾರು ಐದೂವರೆ ಎಕರೆಗಿಂತ, ಚಿಕ್ಕವನ್ನು ನಕ್ಷೆಯಲ್ಲಿ ಬರೀ ಚುಕ್ಕೆಯಾಗಿ ಇಟ್ಟರು. ಮಲೆನಾಡಿನ ಜಡ್ಡಿಗಳು ಹೆಚ್ಚಿನವು ಅರ್ಧ ಎಕರೆ, ಒಂದು ಎಕರೆ. ಗುಡ್ಡದ ಸಂದಿಗೊಂದು, ಗದ್ದೆಯ ತಲೆಗೊಂದು. ಚುಕ್ಕೆಯನ್ನು ಅಳಿಸಲು ಎಷ್ಟು ಹೊತ್ತು ಬೇಕು?

2024ರಲ್ಲಿ ಅಘನಾಶಿನಿಯ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್ಸಾರ್ ಮಾನ್ಯತೆ ಬಂತು. ಸಂತೋಷಪಟ್ಟೆವು. ಆದರೆ ಅದೇ ಹೊಳೆ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಘಟ್ಟದ ಮೇಲಿನ ಇಂಥ ಜಡ್ಡಿಗಳ ಒರತೆ ಕುಡಿದೇ ಕಡಲು ಸೇರುವುದು. ಕಾಲಿಗೆ ಗೆಜ್ಜೆ ಕಟ್ಟಿ ಕತ್ತು ಹಿಸುಕುವುದು ಯಾವ ಸಂರಕ್ಷಣೆ?

ಕೊಚ್ಚೆ ಎನ್ನುವವರು ಒಮ್ಮೆ ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ಬರಲಿ. ಅಲ್ಲಿನ ರಾಂಪತ್ರೆ ಜಡ್ಡಿಯಲ್ಲಿ ಮರಗಳು ಉಸಿರಾಡಲು ಬೇರನ್ನೇ ಕೆಸರಿನಿಂದ ಮೇಲೆತ್ತಿ ನಿಂತಿವೆ. 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಿಸಿದ ಒಂದು ಮರಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಜಗತ್ತು ಅದುವರೆಗೆ ಅರಿಯದ ಮರವೊಂದನ್ನು ಕಾಪಾಡಿಕೊಂಡು ಬಂದದ್ದು ನೀವು ಹೀಗಳೆಯುವ ಆ ಕೆಸರು.

ಅಡಿಕೆಯ ಮೇಲೆ ನನಗೆ ಹಗೆಯಿಲ್ಲ. ನಾನು ಉಂಡದ್ದೂ ತೋಟದ ಅನ್ನವನ್ನೇ. ಆದರೆ ಬುಡದಲ್ಲಿ ನೀರು ನಿಂತರೆ ಅಡಿಕೆ ಬದುಕುವುದಿಲ್ಲ. ಹಾಗಾಗಿ ಜಡ್ಡಿಯಲ್ಲಿ ತೋಟ ಎಬ್ಬಿಸಬೇಕೆಂದರೆ ಮೊದಲು ಜಡ್ಡಿಯನ್ನು ಕೊಲ್ಲಬೇಕು. ಮಳೆಗಾಲದಲ್ಲಿ ಹೀರಿ, ಬೇಸಿಗೆಯಲ್ಲಿ ಒಸರಿಸಿ ಕೆಳಗಿನ ಬಾವಿಗೆ ನೀರು ಕೊಡುತ್ತಿದ್ದ ನೆಲದ ನರ ಕತ್ತರಿಸಿ, ಏಪ್ರಿಲ್‌ನಲ್ಲಿ ಅದೇ ಸಸಿಗೆ ನೀರಿಲ್ಲವೆಂದು ಕೊಳವೆಬಾವಿ ಕೊರೆಸುವುದು! ಇದು ಕೃಷಿಯಲ್ಲ, ಮೊಮ್ಮಕ್ಕಳ ಪಾಲಿನ ನೀರಿನ ಕಳವು.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರ ಅಪ್ಪಿಕೊಂಡ ಸೀಮೆ ಇದು. ಮರವನ್ನು ಅಪ್ಪಿಕೊಳ್ಳಲು ನಮಗೆ ಬಂತು. ಕೆಸರನ್ನು ಅಪ್ಪಿಕೊಳ್ಳುವವರು ಯಾರು? ಅದೂ ಸಾಧ್ಯವೆಂದು ಸೋಂದಾದ ಮುಂಡಿಗೆ ಕೆರೆ ತೋರಿಸಿದೆ. ಮುಂಡಿಗೆಯನ್ನು ಕಡಿಯದೆ ಉಳಿಸಿದ್ದಕ್ಕೆ ಅಲ್ಲಿ ಮಳೆಗಾಲ ಬಂತೆಂದರೆ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ.

ಚಂದಗುಳಿಯ ಘಂಟೆ ಗಣಪತಿಗೆ ಹರಕೆ ಫಲಿಸಿದವರು ಗಂಟೆ ಕಟ್ಟುತ್ತಾರೆ. ಪಡೆದದ್ದನ್ನು ಮರೆಯಬಾರದು ಎಂಬ ನಡತೆ ಅದು. ಬೇಡದೆಯೇ ಬಾವಿ ತುಂಬಿಸಿದ ಜಡ್ಡಿಗೆ ನಾವು ಕಟ್ಟಿದ ಹರಕೆ ಜೇಸಿಬಿಯೇ?

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬರುವ ಗ್ರಾಮಸಭೆಗೆ ಹೋಗಿ. ನಿಮ್ಮೂರಿನ ಪ್ರತಿ ಜಡ್ಡಿಯ ಹೆಸರನ್ನೂ ಸರ್ವೆ ನಂಬರನ್ನೂ ಅದರಲ್ಲಿ ಬರೆಸಿ, ಬರೆಯುವವರೆಗೆ ಏಳಬೇಡಿ. ನಿಮ್ಮದೇ ಗದ್ದೆಯ ತಲೆಯಲ್ಲಿ ಜಡ್ಡಿಯಿದ್ದರೆ ಬಸಿಗಾಲುವೆ ತೋಡಬೇಡಿ, ಮುಂಡಿಗೆಗೆ ಕತ್ತಿ ಹಾಕಬೇಡಿ. ಇವತ್ತು ರಾತ್ರಿ ಜಗುಲಿಗೆ ಬಂದು ಕಿವಿಗೊಡಿ. ಹುಂಡುಕೋಳಿ ಕೂಗಿದರೆ ನಿಮ್ಮೂರಿನ ನೀರು ಇನ್ನೂ ಬದುಕಿದೆ. ಅದನ್ನು ಕಾಯಿರಿ.