ಕೊನೆಯ ಮಾತು ಯಾರದು?

ಪ್ರಜೆಗಳು ಆರಿಸಿ ಕಳುಹಿಸಿದ ಸಂಸತ್ತು ಸಂವಿಧಾನವನ್ನು ತಿದ್ದಿದರೆ, ಚುನಾವಣೆಯನ್ನೇ ಕಾಣದ ನ್ಯಾಯಾಧೀಶರು ಅದನ್ನು ಅಳಿಸಬಹುದೆ? ಇದು ವಕೀಲರ ಗೊಡವೆಯೆಂದು ಸುಮ್ಮನಾಗುವವರುಂಟು. ಆದರೆ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರಲ್ಲಿ ಒಬ್ಬರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು; ಇನ್ನೊಬ್ಬರು ಬೆಂಗಳೂರಿನ ಬಟ್ಟೆ ಗಿರಣಿಯವರು.

ಕೇರಳದ ಭೂಸುಧಾರಣೆಯಿಂದ ಮಠದ ಜಮೀನಿಗೆ ಕುತ್ತೊದಗಿದಾಗ ಕೇಶವಾನಂದ ಭಾರತಿಯವರು 1970ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. 13 ಮಂದಿ ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂದಿತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪವನ್ನು ಮಾತ್ರ ಕೆಡಿಸಲಾಗದು. ಪರವಾಗಿ ಏಳು ಮಂದಿ, ವಿರುದ್ಧವಾಗಿ ಆರು. ಬಹುಮತದಲ್ಲಿದ್ದ ಕನ್ನಡಿಗ ಕೆ. ಎಸ್. ಹೆಗ್ಡೆಯವರೂ ಸೇರಿದಂತೆ ಮೂವರು ಹಿರಿಯರನ್ನು ಬದಿಗಿರಿಸಿ, ಭಿನ್ನಮತದ ಎ. ಎನ್. ರೇಯವರನ್ನು ಸರಕಾರ ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಮೂವರೂ ರಾಜೀನಾಮೆಯಿತ್ತರು.

ಆಕ್ಷೇಪಣೆಗೆ ಬಲವಿಲ್ಲದಿಲ್ಲ. ‘ಮೂಲ ಸ್ವರೂಪ’ವೆಂಬ ಮಾತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಕೋಟ್ಯಂತರ ಮತದಾರರ ಇಚ್ಛೆಗೆ ಒಬ್ಬ ನ್ಯಾಯಾಧೀಶನ ಅಭಿಪ್ರಾಯ ಎಲ್ಲೆ ಹಾಕುವುದೆಂದರೆ ಪ್ರಜಾಪ್ರಭುತ್ವವಾದಿಗೆ ಅದು ನುಂಗಲಾರದ ತುತ್ತೇ ಸರಿ.

ಆದರೆ ಮುಂದೆ ನಡೆದುದನ್ನೂ ನೋಡಬೇಕು. 1975ರ 39ನೆಯ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಕೈಗೆಟುಕದಂತೆ ಮಾಡಿತು. 1976ರ 42ನೆಯ ತಿದ್ದುಪಡಿಯಂತೂ, ಸಂವಿಧಾನದ ಯಾವ ತಿದ್ದುಪಡಿಯನ್ನೂ ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಸಾರಿತು. ಅದನ್ನು ಅಂಗೀಕರಿಸಿದ ಲೋಕಸಭೆಯ ಐದು ವರ್ಷದ ಅವಧಿ ಆಗಲೇ ಮುಗಿದಿದ್ದಿತು. ತನ್ನ ಆಯುಸ್ಸನ್ನು ತಾನೇ ಬೆಳೆಸಿಕೊಂಡು ಅದು ಕುಳಿತಿದ್ದಿತು. ವಿರೋಧ ಪಕ್ಷದ ಅನೇಕ ನಾಯಕರು ಸೆರೆಮನೆಯಲ್ಲಿದ್ದರು. ಜನರ ಇಚ್ಛೆಯೆಂಬ ಮಾತಿಗೆ ಅಂದು ಉಳಿದಿದ್ದ ಅರ್ಥವೆಷ್ಟು?

ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ 1980ರಲ್ಲಿ ಆ ನಿಷೇಧ ಬಿದ್ದುಹೋಯಿತು. ನ್ಯಾಯಾಲಯದ ತರ್ಕ ಸರಳವಾದುದು: ಮಿತವಾದ ಅಧಿಕಾರವನ್ನು ಪಡೆದವನು, ಅದೇ ಅಧಿಕಾರದ ಬಲದಿಂದ ಅದನ್ನು ಅಮಿತಗೊಳಿಸಿಕೊಳ್ಳಲಾರ. ಮನೆಯ ಪಾರುಪತ್ಯಕ್ಕೆ ನೇಮಕವಾದವನು ಗೋಡೆ ಕೆಡವಿ ಕಿಟಕಿ ಇರಿಸಬಹುದು; ಮನೆಯನ್ನೇ ತನ್ನ ಹೆಸರಿಗೆ ಬರೆದುಕೊಳ್ಳಬಹುದೆ?

ಈ ಅಂಕುಶ ನ್ಯಾಯಾಧೀಶರಿಗೂ ಬೇಕು. ಶಾಸನ ಹಿತವೋ ಅಹಿತವೋ ಎಂಬುದನ್ನು ತೂಗುವುದು ಅವರ ಕೆಲಸವಲ್ಲ, ಅದು ಮತದಾರನದು. ಈವರೆಗೆ ನೂರಕ್ಕೂ ಮಿಕ್ಕಿದ ತಿದ್ದುಪಡಿಗಳಲ್ಲಿ ಬಿದ್ದುಹೋದವು ಕೆಲವೇ. 2015ರಲ್ಲಿ ನ್ಯಾಯಾಧೀಶರ ನೇಮಕದ ಕ್ರಮವನ್ನು ಬದಲಿಸಹೊರಟ 99ನೆಯ ತಿದ್ದುಪಡಿ ರದ್ದಾದಾಗ, ತಮ್ಮ ಮನೆಯ ವ್ಯಾಜ್ಯಕ್ಕೆ ತಾವೇ ಪಂಚರಾದರೆಂಬ ಟೀಕೆ ಬಂದಿತು. ಅಪರೂಪವಾಗಿ ಬಳಸಿದಷ್ಟೂ ಈ ಅಧಿಕಾರಕ್ಕೆ ಗೌರವ ಹೆಚ್ಚು.

ಇಂದು ಬಹುಮತ ಪಡೆದವರು ನಾಳೆ ಅಲ್ಪಮತಕ್ಕಿಳಿಯಬಹುದು. ಅಂದು ಅವರ ಮಾತಿಗೂ ಒಂದು ನೆಲೆಯಿರಬೇಕಾದರೆ, ಬಹುಮತಕ್ಕೂ ದಾಟಲಾಗದ ಒಂದು ಗೆರೆ ಇರುವುದೇ ಲೇಸು.