ಮನೆವಾರ್ತೆ: ಹುಳಿಗೆ ಹೊಳೆಯುವುದೂ ಹುಳಿಗೆ ಆಗದುದೂ

ಗೌರಿ ಗಣೇಶರ ಹಬ್ಬ ಹತ್ತಿರ ಬಂದಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಮನೆಗಳಲ್ಲಿ ಹಿತ್ತಾಳೆಯ ದೀಪಗಳು ಅಟ್ಟದಿಂದ ಇಳಿಯುತ್ತವೆ. ಮಳೆಗಾಲದ ತೇವಕ್ಕೆ ಅವು ಕಪ್ಪಿಟ್ಟಿರುವುದು ಸಹಜ. ಸೋದರಿಯರೇ, ಇದಕ್ಕಾಗಿ ಅಂಗಡಿಗೆ ಓಡಬೇಕಾಗಿಲ್ಲ. ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕಿರಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ಕಪ್ಪನ್ನು ಕರಗಿಸುತ್ತದೆ. ಕೂಡಲೆ ತೊಳೆದು ಒರೆಸಿಡಿ. ಇಲ್ಲವಾದರೆ ಮತ್ತೆ ಕಲೆ ಕಟ್ಟೀತು.

ಬೋರ್‌ವೆಲ್ ನೀರಿನಿಂದ ನಲ್ಲಿಗೆ ಕಟ್ಟುವ ಬಿಳಿಯ ಪೊರೆಗೆ ಹಿಂಡಿದ ನಿಂಬೆಯ ಹೋಳು ಸಾಕು. ಆ ಪೊರೆ ಸುಣ್ಣದ ಅಂಶವಾದುದರಿಂದ ಹುಳಿಗೆ ಕರಗುತ್ತದೆ. ಅಮೃತಶಿಲೆಯೂ ಸುಣ್ಣದ ಕಲ್ಲೇ ಆದುದರಿಂದ ಅದಕ್ಕೆ ಮಾತ್ರ ಹುಳಿ ಸೋಕಿಸಬೇಡಿ. ಒಲೆಯ ಸುತ್ತಲಿನ ಜಿಡ್ಡಿಗೆ ಅಡಿಗೆ ಸೋಡ ಒಳ್ಳೆಯದು. ಸೋಡದೊಡನೆ ನಿಂಬೆ ಬೆರೆಸಿದರೆ ನೊರೆ ಉಕ್ಕುವುದೇ ಹೊರತು ಎರಡರ ಶಕ್ತಿಯೂ ಕುಂದುತ್ತದೆ.

ಇನ್ನು ಮುಖ್ಯವಾದ ಮಾತು. ಬಚ್ಚಲಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಅದರೊಡನೆ ಆಸಿಡ್, ವಿನಿಗರ್, ನಿಂಬೆ ಯಾವುದೂ ಕೂಡದು. ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ಯುದ್ಧಭೂಮಿಯಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದು ಇದೇ ಅನಿಲ. ನಮ್ಮ ಫ್ಲ್ಯಾಟುಗಳ ಬಚ್ಚಲೋ ಕೈ ಚಾಚಿದರೆ ಗೋಡೆ! ಘಾಟು ಬಂದರೆ ಒಡನೆ ಹೊರಗೆ ಬಂದು, ಮನೆಯ ಕಿಟಕಿಗಳನ್ನು ತೆರೆಯಿರಿ.

ಕೆಲಸಕ್ಕೆ ಬರುವ ಮಾವಶಿಗೂ ಇದನ್ನು ಮರಾಠಿಯಲ್ಲಿ ತಿಳಿಸಿ ಹೇಳೋಣ. ನಮ್ಮ ಬಚ್ಚಲನ್ನು ತಿಕ್ಕುವಾಗ ಬಗ್ಗಿ ಉಸಿರಾಡುವವರು ಹೆಚ್ಚಾಗಿ ಅವರೇ ಅಲ್ಲವೇ?